ಕೊಸರು ಕೊಟ್ಟ ಚಿಮಟಗಿ

ಇವತ್ತು ಮುಂಜಾನೆ ಬಾಗಲಕೋಟೆಯ ನವನಗರದ ಖಾಲಿ ಪ್ಲಾಟುಗಳ ನಡುವೆ ನಡೆದು ಬರುವಾಗ ಒಂದು ಜಾಲಿಮುಳ್ಳು ಚಪ್ಪಲಿ ತೂರಿ ಹಿಮ್ಮಡಿಗೆ ಹೊಕ್ಕಿತು. ಮನೆಯಲ್ಲಿ ಔಷಧಿ ಅಂಗಡಿಯಿಂದ ತಂದ ಉಕ್ಕಿನ ಚಿಮಟವಿದೆ. ಅದು ಮುಳ್ಳನ್ನು ಬಿಟ್ಟು ನನ್ನ ಚರ್ಮವನ್ನು ಹಿಡಿಯಿತು. ನೋವಿಗಿಂತ ಮೊದಲು ಸಿಟ್ಟು ಬಂತು, ಅದೂ ಒಬ್ಬ ನಾಣ್ಯದ ವ್ಯಾಪಾರಿಯ ಮೇಲೆ. ಮುಳ್ಳಿಗೂ ವ್ಯಾಪಾರಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ. ಆದರೆ ಮೊದಲೇ ಎಚ್ಚರಿಸಿಬಿಡುವೆ: ಇದನ್ನು ಈಗಾಗಲೇ ಮೂರು ಜನರಿಗೆ ಮೂರು ರೀತಿ ಹೇಳಿದ್ದೇನೆ, ಮೂರರಲ್ಲೂ ನಾನು ಒಳ್ಳೆಯವನೇ ಆಗಿದ್ದೆ.

ನಮ್ಮದು ಶಿರೂರು. ಕುರಿ ಕಾಯ್ದ ಮನೆತನ, ಬೀರಪ್ಪನ ಒಕ್ಕಲು. ದೇವರ ಜಗಲಿಯ ಮೇಲೆ ಭಂಡಾರದ ಡಬ್ಬಿ, ಅಂದರೆ ಬೀರಪ್ಪನ ಅರಿಶಿನದ ಡಬ್ಬಿ. ಅದರೊಳಗೆ ನಾಲ್ಕು ತಾಮ್ರದ ದುಡ್ಡು ಮತ್ತು ಒಂದು ಚಿಮಟಗಿ. ಮುಳ್ಳು ಕೀಳುವ ಚಿಮಟಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಬೆಳ್ಳಿಯ ತಂತಿಯೊಂದನ್ನು ನಟ್ಟನಡುವೆ ಮಡಚಿದಂತೆ ಇತ್ತು. ಅಜ್ಜ ಅದರ ತುದಿಗಳನ್ನು ಕಲ್ಲಿಗೆ ಮಸೆದು, ಉಡದಾರಕ್ಕೆ ಕಟ್ಟಿಕೊಂಡು ಕುರಿಯ ಹಿಂದೆ ತಿರುಗಿದವನು. ಅವನು ಸತ್ತ ಮೇಲೆ ಅದು ಜಗಲಿ ಏರಿತು. ಓಣಿಯಲ್ಲಿ ಯಾರ ಕಾಲಿಗೆ ಮುಳ್ಳು ನೆಟ್ಟರೂ ಅವ್ವನ ಮುಂದೆ ಬಂದು ಕಾಲು ಚಾಚುತ್ತಿದ್ದರು. ತಂತಿ ಚಪ್ಪಟೆಯಾಗಿದ್ದ ಕಡೆ ಏನೋ ಗೀರುಗಳಿದ್ದವು. ಅಜ್ಜ ಹಲ್ಲಿನಿಂದ ಕಚ್ಚಿ ಮಡಚಿದ ಗುರುತು ಎಂದು ನಾವೆಲ್ಲ ನಂಬಿದ್ದೆವು.

ನನಗೆ ಹಳೆಯ ನಾಣ್ಯಗಳ ಹುಚ್ಚು ಹಿಡಿದದ್ದು ನೌಕರಿ ಸಿಕ್ಕ ಮೇಲೆ. ಕಚೇರಿಯ ಗುಮಾಸ್ತನಿಗೆ ಒಂದು ಘನತೆ ಬೇಕಲ್ಲ! ಬಾಗಲಕೋಟೆಯ ಪೇಟೆಯಲ್ಲಿ ಮೂರು ತಲೆಮಾರಿನ ನಾಣ್ಯದ ಅಂಗಡಿಯೊಂದಿದೆ. ಗಾಜಿನ ಕಪಾಟು, ಮಖಮಲ್ಲಿನ ತಟ್ಟೆ, ಭೂತಗನ್ನಡಿ. ಅದರ ಮಾಲೀಕರನ್ನು ಎಲ್ಲರೂ ಸಾವಕಾರ್ರು ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮೊದಲ ದಿನವೇ ಅವರು ನನಗೆ ಕುರ್ಚಿ ಕೊಟ್ಟರು. ಆ ಕುರ್ಚಿಗಾಗಿಯೇ ನಾನು ಎಷ್ಟೋ ನಾಣ್ಯ ಕೊಂಡಿದ್ದೇನೆ ಎಂದು ಈಗ ಅನ್ನಿಸುತ್ತದೆ.

ಆರು ವರ್ಷದ ಹಿಂದೆ ಒಂದು ದಿನ, ಅವ್ವನಿಗೆ ಹೇಳದೆ, ಜಗಲಿಯ ಡಬ್ಬಿಯಲ್ಲಿದ್ದುದನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. ತಾಮ್ರದ ದುಡ್ಡುಗಳ ಬಗ್ಗೆ ಕೇಳುವುದಿತ್ತು. ಜೊತೆಗೆ ವಿಜಯನಗರದ ಒಂದು ಸಣ್ಣ ಚಿನ್ನದ ನಾಣ್ಯವನ್ನು ಕೊಳ್ಳುವುದೂ ಇತ್ತು. ಸಾವಕಾರ್ರು ತಾಮ್ರವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. “ಇವು ಮನ್ಯಾಗ ಇರ್ಲಿ ಬಿಡ್ರಿ.” ಚಿಮಟಗಿಯನ್ನು ಎತ್ತಿ ಬೆಳಕಿಗೆ ಹಿಡಿದರು. “ಇದೇನ್ರಿ ಇದು?”

“ಮುಳ್ಳು ತಗಿಯೋದ್ರಿ.”

ಅವರು ನಕ್ಕರು, ನಾನೂ ನಕ್ಕೆ. ಚಿನ್ನದ ನಾಣ್ಯವನ್ನು ಕಾಗದದ ಲಕೋಟೆಗೆ ಹಾಕುತ್ತ ಅವರೆಂದರು, “ಎಲ್ಲಾರೂ ನನ್ನ ಕಡೆ ಕೊಸರು ಕೇಳ್ತಾರ. ಇವತ್ತ ನೀವ ನನಗ ಕೊಸರು ಕೊಟ್ಟು ಹೋಗ್ರಿ ನೋಡೂಣು.”

ಕೊಸರು ಎಂದರೆ ನಿಮಗೆ ಗೊತ್ತು. ಕಾಯಿಪಲ್ಯೆ ಕೊಂಡವರ ಚೀಲಕ್ಕೆ ಮಾರುವವಳು ಕೊನೆಗೆ ಹಾಕುವ ಎರಡು ಮೆಣಸಿನಕಾಯಿ. ಕೊಳ್ಳುವವನು ಮಾರುವವನಿಗೆ ಕೊಸರು ಕೊಟ್ಟದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕೇಳಿಲ್ಲ. ಅದೇ ನನಗೆ ದೊಡ್ಡಸ್ತಿಕೆ ಎನ್ನಿಸಿತು. “ತಗೋರಿ ಸಾವಕಾರ್ರ” ಎಂದೆ. ಹೆಂಡತಿಗೆ ಈ ಕಥೆ ಹೇಳುವಾಗ ಅವರು ಒತ್ತಾಯ ಮಾಡಿದರು ಎಂದಿದ್ದೆ. ಗೆಳೆಯನಿಗೆ, ಅದು ಅಲ್ಲೇ ಮರೆತುಹೋಯಿತು ಎಂದಿದ್ದೆ. ಕಚೇರಿಯ ಜೊತೆಗಾರನಿಗೆ, ಅವರೇ ಎತ್ತಿಟ್ಟುಕೊಂಡರು ಎಂದಿದ್ದೆ. ಮಾತು ಅವರೇ ತೆಗೆದರೇ ಎಂಬುದೂ ಈಗ ಖಾತ್ರಿಯಿಲ್ಲ. ನಾನೇ ಮೊದಲು “ಇದು ಕೊಸರು ಇರ್ಲಿ” ಅಂದಿರಬಹುದು. ನನ್ನ ನೆನಪು ನನ್ನ ಕಡೆಯ ವಕೀಲ, ಅದರ ಮಾತನ್ನು ಪೂರ್ತಿ ನಂಬಬೇಡಿ.

ತಾಮ್ರದ ದುಡ್ಡುಗಳನ್ನು ಸದ್ದಿಲ್ಲದೆ ಡಬ್ಬಿಗೆ ಮರಳಿಸಿದೆ. ಅಮಾವಾಸ್ಯೆಗೆ ಜಗಲಿ ತೊಳೆಯುವಾಗ ಚಿಮಟಗಿ ಇಲ್ಲ ಎಂದು ಗೊತ್ತಾಯಿತು. ಆ ತಿಂಗಳು ಡಬ್ಬಿ ಮುಟ್ಟಿದವಳು ತಮ್ಮನ ಹೆಂಡತಿ ರೇಣವ್ವ ಒಬ್ಬಳೇ ಎಂದು ಅವ್ವ ತೀರ್ಮಾನಿಸಿದಳು. ಗುಳೇದಗುಡ್ಡದ ತವರಿಗೆ ಹೋದಾಗ ಬೆಳ್ಳಿಯನ್ನು ಮಾರಿ ಬಂದಿದ್ದಾಳೆ ಎಂದಳು, ಓಣಿಯಲ್ಲೆಲ್ಲ ಹೇಳಿದಳು. ಅಂದಿನಿಂದ ರೇಣವ್ವ ಜಗಲಿ ಮುಟ್ಟುವಂತಿಲ್ಲ. ತಮ್ಮ ಫೋನಿನಲ್ಲಿ ಇದನ್ನೆಲ್ಲ ಹೇಳಿದ. ನಾನು “ಇರ್ಲಿ ಬಿಡೋ, ಅವ್ವಗ ವಯಸ್ಸಾಗೇತಿ” ಎಂದೆ. ಈ ವಾಕ್ಯ ಮಾತ್ರ ಅಕ್ಷರಶಃ ನೆನಪಿದೆ.

ಹೋದ ತಿಂಗಳು ಸಾವಕಾರ್ರ ಮಖಮಲ್ಲಿನ ತಟ್ಟೆಯಲ್ಲಿ ಅದು ಮಲಗಿತ್ತು. ಪಕ್ಕದ ಚೀಟಿಯಲ್ಲಿ ‘ಲಾರಿ, ಬಿಜಾಪುರದ ಆದಿಲಶಾಹಿ, ಬೆಳ್ಳಿ, ತುದಿ ಸವೆದಿದೆ’ ಎಂದಿತ್ತು. ಸುಲ್ತಾನರ ಕಾಲದಲ್ಲಿ ತಂತಿಯನ್ನು ಮಡಚಿ, ಮುದ್ರೆ ಒತ್ತಿ, ಅದನ್ನೇ ‘ಲಾರಿ’ ಎಂಬ ನಾಣ್ಯವಾಗಿ ನಡೆಸುತ್ತಿದ್ದರಂತೆ. ಅಜ್ಜನ ಹಲ್ಲಿನ ಗುರುತು ಎಂದುಕೊಂಡದ್ದು ಪಾರಸಿ ಅಕ್ಷರ. ತುದಿ ಸವೆದದ್ದಲ್ಲ, ಮಸೆದದ್ದು. ಆ ಮಾತನ್ನು ಜಗತ್ತಿನಲ್ಲಿ ಹೇಳಬಲ್ಲವರು ನಾವು ನಾಲ್ಕೈದು ಜನ.

“ಇದು ನಮ್ಮ ಚಿಮಟಗಿ” ಎಂದೆ.

“ಹೌದ್ರಿ, ನಿಮ್ಮದ” ಎಂದರು ಅವರು, ಒಂದಿಷ್ಟೂ ಅಳುಕದೆ. ಕಪಾಟಿನಿಂದ ಅದರ ಹಳೆಯ ಲಕೋಟೆ ತೆಗೆದು ತೋರಿಸಿದರು. ಅದರ ಮೇಲೆ ಮಾಸಿದ ಶಾಯಿಯಲ್ಲಿ ‘ಲಾರಿ. ಶಿರೂರು. ಕೊಸರು’ ಎಂದು ಬರೆದಿತ್ತು.

“ಅಂದ್ರ ಅವತ್ತ ಗೊತ್ತಿತ್ತು ನಿಮಗ!”

“ಗೊತ್ತಿತ್ರಿ. ನನಗ ಗೊತ್ತಿರೂದ ನನ್ನ ಅಂಗಡಿ. ಅದನ್ನ ಪುಕ್ಕಟ ಹಂಚಿದ್ರ ನಾ ಏನ್ ಮಾರ್ಲಿ?”

ನಾನು ಕೂಗಾಡಿದೆ. ಮೋಸಗಾರ ಎಂದೆ. ಅವರು ಕುರ್ಚಿ ಮುಂದಕ್ಕೆ ಎಳೆದರು. “ಕುಂಡ್ರಿ ಮೊದಲ. ಹುನಗುಂದದ ಸಂತ್ಯಾಗ ಹಳೇ ಭಾಂಡೆ ಮಾರೋ ಮುದುಕಿ ಕಡೆ ನೀವ ಶಾತವಾಹನರ ದುಡ್ಡು ತಂದ್ರೆಲ್ಲ, ಆಕೀಗೆ ಹೇಳಿದ್ರೇನು ಅದು ಏನಂತ? ಇಲ್ಲೇ ಕುಂತು ನಕ್ಕೊಂತ ಹೇಳಿದ್ರಿ ನನಗ.”

ಹೇಳಿದ್ದೆ. ಚಹಾ ಕುಡಿಯುತ್ತ ಹೇಳಿದ್ದೆ, ಅವಳ ದನಿಯನ್ನು ಅಣಕಿಸಿ ಹೇಳಿದ್ದೆ. ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಿದ್ದರೂ ಅದು ಇಳಿಯಲಿಲ್ಲ. ಅವರು ಹೇಳಿದ ಬೆಲೆಯನ್ನೇ ಕೊಟ್ಟು ಚಿಮಟಗಿ ಕೊಂಡೆ. ಪ್ಲಾಸ್ಟಿಕ್ಕಿನ ಪುಟ್ಟ ಚೀಲದಲ್ಲಿ ಅದನ್ನು ಮುಚ್ಚಿ ಕೈಗಿಟ್ಟು, “ಚೀಲ ಕೊಸರು ನೋಡ್ರಿ, ಹಳೇ ಗಿರಾಕಿ ಅಂತ” ಎಂದರು ಸಾವಕಾರ್ರು.

ಶಿರೂರಿನಲ್ಲಿ ಮನೆಯವರನ್ನೆಲ್ಲ ಕೂಡಿಸಿ ಹೇಳಿದೆ. ಅವ್ವ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು ಚಿಮಟಗಿ ಹೊರಗೆ ತೆಗೆದಳು. “ಹೋಗ್ಲಿ ಬಿಡಪಾ, ತಿಳೀದ ಕೊಟ್ಟಿ. ತಂತಿ ತುಂಡಿಗೆ ಇಷ್ಟ್ಯಾಕ ಮಾರಿ ಸಣ್ಣದ ಮಾಡ್ತಿ?”

ಒಂದು ಉಸಿರಿನಲ್ಲಿ ನನಗೆ ಮಾಫಿ ಸಿಕ್ಕಿತು. ರೇಣವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಈಗ ತಂತಿ ತುಂಡಾತೇನ್ರಿ ಅತ್ತಿ? ಆರು ವರ್ಸ ಅದು ಬೀರಪ್ಪನ ಬೆಳ್ಳಿ ಆಗಿತ್ತು.”

ಅವ್ವ ಭಂಡಾರದ ಡಬ್ಬಿಯನ್ನು ಅವಳ ಕಡೆ ಚಾಚಿದಳು. ರೇಣವ್ವ ಕೈ ನೀಡಲಿಲ್ಲ. ನನ್ನ ಕಡೆ ತಿರುಗಿದಳು.

“ಭಾವಾರ, ನೀವು ಮನ್ಯಾಗ ಹೇಳಿದ್ರಿ. ನನ್ನ ಮಾತಾಡಿದ್ದು ಓಣ್ಯಾಗ. ಓಣ್ಯಾಗ ಹೇಳ್ರಿ.”

ಹೋದ ಭಾನುವಾರ ಹೊರಟೆವು. ನಾನು ಮುಂದೆ, ಅವಳು ಎರಡು ಹೆಜ್ಜೆ ಹಿಂದೆ. ಮೊದಲ ಮನೆ ಬಸವ್ವನದು. ಅವ್ವನ ವಾರಗೆಯವಳು, ಆ ಚಿಮಟಗಿಯಿಂದಲೇ ಮುಳ್ಳು ತೆಗೆಸಿಕೊಂಡವಳು. ನಾನು ಸುಲ್ತಾನರಿಂದ ಹಿಡಿದು ಸಾವಕಾರ್ರವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿದಳು.

“ಯಾವ ಚಿಮಟಗಿಯೋ ಯಪ್ಪಾ? ನನಗ ನೆಪ್ಪಿಲ್ಲ.” ಆಮೇಲೆ ದನಿ ತಗ್ಗಿಸಿ, “ಆಕೀ ಕೈ ಮಾತ್ರ ಸ್ವಲ್ಪ ಹಂಗ ಅಂತ ಎಲ್ಲಾರಿಗೂ ಗೊತ್ತೈತಿ ಬಿಡು.”

ಹಿಂದೆ ನಿಂತವಳಿಗೆ ಅದು ಕೇಳಿಸಿತು. “ಇನ್ನೊಮ್ಮೆ ಹೇಳ್ರಿ ಭಾವಾರ. ಜೋರಾಗಿ” ಎಂದಳು.

ಮತ್ತೆ ಹೇಳಿದೆ. ಎರಡನೆಯ ಮನೆಯಲ್ಲೂ ಹಾಗೆಯೇ ಆಯಿತು, ಮೂರನೆಯದರಲ್ಲೂ. ಬೆಳ್ಳಿ ಮರೆತುಹೋಗಿತ್ತು, ಡಬ್ಬಿ ಮರೆತುಹೋಗಿತ್ತು, ಜಗಳವೂ ಮರೆತುಹೋಗಿತ್ತು. ಕಳ್ಳಿ ಎಂಬ ಹೆಸರು ಮಾತ್ರ ಉಳಿದಿತ್ತು. ನನ್ನೊಬ್ಬನ ನೆನಪನ್ನು ನಾನು ಸುಮ್ಮನೆ ಅನುಮಾನಿಸುತ್ತಿದ್ದೆ. ಓಣಿಯ ನೆನಪು ಅದಕ್ಕಿಂತ ಕೊಳಕು.

ಇನ್ನು ಒಂಬತ್ತು ಮನೆ ಇವೆ. ಇವತ್ತು ಹತ್ತು ಗಂಟೆಯ ಬಸ್ಸಿಗೆ ಕುಂಟುತ್ತಲೇ ಹೋಗುತ್ತೇನೆ. ಆದಿಲಶಾಹಿಯ ಕಥೆ ಹೇಳುವುದಿಲ್ಲ, ವ್ಯಾಪಾರಿಯ ಕಥೆ ಹೇಳುವುದಿಲ್ಲ. ಪ್ರತಿ ಬಾಗಿಲಲ್ಲೂ ನಿಂತು, “ಕಳ್ಳ ನಾನು” ಎಂದಷ್ಟೇ ಹೇಳುತ್ತೇನೆ. ಅಷ್ಟನ್ನಾದರೂ ಅವರು ಮರೆಯುವುದಿಲ್ಲ.