ಬೀರಕ್ಕ ತೆಗೆದ ಬಳೆಚೂರು

ಹಿಂದೂಪುರದ ಬೆಲ್ಲದ ಮಂಡಿ ಬೀದಿಯಲ್ಲಿ ಯಾರ ಕಣ್ಣಿಗೆ ಏನು ಬಿದ್ದರೂ ಕರೆ ಹೋಗುತ್ತಿದ್ದದ್ದು ಬೀರಕ್ಕನಿಗೆ. ರಾಗಿ ತೂರುವಾಗ ಬಿದ್ದ ಹೊಟ್ಟಿರಲಿ, ಕಲ್ಲೊಡೆಯುವಾಗ ಹಾರಿದ ಚಕ್ಕೆಯಿರಲಿ, ಅವಳು ಬಾಯಿ ಮುಕ್ಕಳಿಸಿ ಬಂದು, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ, ನಾಲಿಗೆಯ ತುದಿಯನ್ನು ಕಣ್ಣೊಳಗೆ ಒಮ್ಮೆ ಆಡಿಸಿದಳೆಂದರೆ ಮುಗಿಯಿತು. ಬಿದ್ದದ್ದು ಅವಳ ಅಂಗೈ ಮೇಲೆ ಬಂದು ಕೂತಿರುತ್ತಿತ್ತು. ಎಲೆ ಅಡಿಕೆ ಕೊಟ್ಟರೆ ತೆಗೆದುಕೊಳ್ಳುವಳು, ಬೈಗುಳವನ್ನು ಮಾತ್ರ ಕೇಳದೆಯೇ ಕೊಡುವಳು. "ಗಾಳಿಗೆ ಮಕ ಕೊಟ್ಟು ತೂರ್ತಾರೇನ್ಲಾ, ಕತ್ತೆ?" ಅನ್ನಿಸಿಕೊಳ್ಳದೆ ಅವಳ ಮುಂದಿನಿಂದ ಎದ್ದುಹೋದ ಗಂಡಸು ಆ ಬೀದಿಯಲ್ಲಿ ಇರಲಿಲ್ಲ.

ಕಣ್ಣಿನ ವಿಷಯದಲ್ಲಿ ಅವಳದು ಒಂದೇ ಹಟ. ಕಣ್ಣು ತಾನಾಗಿ ಕೆಡುವುದಿಲ್ಲ. ಕೆಂಪಾಯಿತೆಂದರೆ ಹೊರಗಿನದೇನೋ ಒಳಗೆ ಹೊಕ್ಕಿದೆ. ಈ ಮಾತು ಸುಳ್ಳಾದದ್ದನ್ನು ಅವಳು ಕಂಡಿರಲಿಲ್ಲ. ಕಂಡಿರಲಿಲ್ಲವೋ, ಕಂಡೂ ಒಪ್ಪಿರಲಿಲ್ಲವೋ, ಅದು ಬೇರೆ.

ಗಂಡ ಸತ್ತಾಗ ಮಗಳು ಮುನೆಮ್ಮ ಇನ್ನೂ ಮೊಲೆ ಕುಡಿಯುವ ಕೂಸು. ಹುಣಿಸೆಹಣ್ಣು ಬಡಿದು, ಮಂಡಿಯ ಅಂಗಳ ಗುಡಿಸಿ ಸಾಕಿದ ಆ ಮಗಳನ್ನು ಬೀರಕ್ಕ ಕಲ್ಯಾಣದುರ್ಗದ ಕಂಬಳಿ ನೇಯುವ ಜೋಗಪ್ಪನಿಗೆ ಕೊಟ್ಟಳು. ಹಗೆ ಹುಟ್ಟಿದ್ದು ಆ ಮದುವೆಯ ಊಟದಲ್ಲೇ. ಜೋಗಪ್ಪನ ತಾಯಿ ನಾರಮ್ಮ ಬೀಗರ ಸಾಲಿನಿಂದ ಬೀರಕ್ಕನ ಎಲೆಯನ್ನು ಎತ್ತಿಸಿ ಆಚೆ ಹಾಕಿಸಿ, ಎಲ್ಲರಿಗೂ ಕೇಳುವಂತೆ ಅಂದಳು: "ಕಂಡೋರ ಕಣ್ಣು ನೆಕ್ಕೋ ಬಾಯಿ ಕಣಮ್ಮ. ನಮ್ಮ ಸಾಲಿನಾಗೆ ಬ್ಯಾಡ." ಬೀರಕ್ಕ ತುತ್ತು ಎತ್ತದೆ ಎದ್ದಳು. ಆಮೇಲೆ ಆ ಮನೆಯ ನೀರನ್ನೂ ಮುಟ್ಟಲಿಲ್ಲ.

ದೊಡ್ಡ ಯುದ್ಧ ಮುಗಿದ ಮರುವರ್ಷ ಕಲ್ಯಾಣದುರ್ಗದಿಂದ ಸುದ್ದಿ ಬಂತು: ಮೊಮ್ಮಗಳು ಮುತ್ಯಾಲಮ್ಮನ ಬಲಗಣ್ಣು ಕೆಂಪಾಗಿದೆ, ಬೆಳಕು ಕಂಡರೆ ಕಿರುಚುತ್ತಾಳೆ. ಇದ್ದಿಲ ಹೊಗೆ ಕಾರುವ ಬಸ್ಸು ಹತ್ತಿದ ಬೀರಕ್ಕ, ಸೋಮಂದೇಪಲ್ಲಿ ದಾಟುವ ಹೊತ್ತಿಗೆ ನಾರಮ್ಮನಿಗೆ ಅನ್ನಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದಳು.

ಆ ಮನೆ ತುಂಬ ಕಂಬಳಿಗೆ ಹಚ್ಚುವ ಹುಣಿಸೆ ಬೀಜದ ಗಂಜಿಯ ವಾಸನೆ. ಮಗು ಮೂಲೆಯಲ್ಲಿ ಮುಸುಕೆಳೆದುಕೊಂಡು ಮುದುಡಿತ್ತು. ಏಳು ತುಂಬಿದ ಹುಡುಗಿ ನಾಲ್ಕರವಳ ಹಾಗೆ ಬಡಕಲಾಗಿದ್ದಳು. ಹೊಟ್ಟೆಯ ಮೇಲೆ ಬರೆ ಹಾಕಿದ ಗಾಯ ಇನ್ನೂ ಹಸಿಯಾಗಿತ್ತು.

"ಏನೇ ಇದು?" ಎಂದಳು ಬೀರಕ್ಕ.

"ಅತ್ತೆ ಹಾಕ್ಸಿದ್ದು," ಎಂದಳು ಮುನೆಮ್ಮ. "ಹೊಟ್ಟೆ ನುಲ್ಚಿ ನುಲ್ಚಿ ರಕ್ತಬೇದಿ ಆಯ್ತಿತ್ತು ಕಣಮ್ಮ. ವಸಿ ನಿಂತಂಗಾಗೋದು, ತಿರುಗ ಸುರು ಆಗೋದು. ಅದರ ಹಿಂದೇನೇ ಕಣ್ಣು..."

"ಹೊಟ್ಟೆ ಮಾತು ಆಮ್ಯಾಕೆ. ನಾನು ಬಂದಿರೋದು ಕಣ್ಣಿಗೆ."

ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಲಿಗೆ ಆಡಿಸಿದಳು. ಬಿಸಿ ಕಣ್ಣೀರಿನ ಉಪ್ಪು ಬಿಟ್ಟರೆ ಏನೂ ಸಿಗಲಿಲ್ಲ. ರೆಪ್ಪೆ ಮಗುಚಿ ಇನ್ನೊಮ್ಮೆ ನೋಡಿದಳು. ಇಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ನಾರಮ್ಮ ಇದಕ್ಕೇ ಕಾದವಳಂತೆ ನಕ್ಕಳು.

"ಏನಮ್ಮ ಬೀಗಿತ್ತಿ, ಬರೀ ಕೈನಾ? ಬಸ್ ಚಾರ್ಜು ಕೊಟ್ಟು ಬಂದ್ಬುಟ್ಟು ನೆಕ್ಕಿದ್ದಷ್ಟೇ ಬಂತಾ?"

ಬೀರಕ್ಕ ಎದ್ದಳು. ಬಾಯಿ ಮುಕ್ಕಳಿಸುವ ನೆವದಲ್ಲಿ ಹಿತ್ತಲ ಬಚ್ಚಲಿಗೆ ಹೋದಳು. ಬಚ್ಚಲುಕಲ್ಲಿನ ಪಕ್ಕದಲ್ಲಿ ಒಡೆದ ಹಸಿರು ಬಳೆಯ ಚೂರುಗಳು ಬಿದ್ದಿದ್ದವು. ಒಳಗೆ ಬಂದಾಗ ಅವಳ ಕೆನ್ನೆಯ ಒಳಗೆ ಅದರ ಒಂದು ಚಕ್ಕೆಯಿತ್ತು. ಮತ್ತೆ ಮಗುವಿನ ಮೇಲೆ ಬಗ್ಗಿದಳು, ಎದ್ದಳು, ಅಂಗೈ ಚಾಚಿದಳು.

"ನೋಡ್ಕಳ್ರಪ್ಪ ಎಲ್ಲಾ! ಕೂಸಿನ ಕಣ್ಣಾಗೆ ಗಾಜು! ನಂದು ಬೋಳು ಕೈ. ನನ್ನ ಮಗಳು ತೊಟ್ಟಿರೋದು ಕೆಂಪು. ಹಸುರು ಬಳೆ ಯಾರ ಕೈಯಾಗೈತೆ ಅಂತ ನಾನು ಹೇಳ್ಬೇಕಾ?"

"ಸುಳ್ಳು!" ನಾರಮ್ಮ ಚೀರಿದಳು. "ಬಚ್ಚಲಿಗೆ ಹೋಗಿ ಬಂದ್ಮ್ಯಾಕೆ ಹೆಂಗೆ ಸಿಕ್ತು? ಮೊದ್ಲು ಯಾಕೆ ಸಿಗ್ಲಿಲ್ಲ?"

ಯಾರು ಕೇಳುತ್ತಾರೆ? ಬೀರಕ್ಕನ ಅಂಗೈ ಅದುವರೆಗೆ ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ನೆರೆಯವರು ಬಂದು ತುಂಬಿದರು. ಬರೆ ಹಾಕಿಸಿದವಳು ಗಾಜನ್ನೂ ಹಾಕಿದ್ದಾಳು ಎಂದು ಒಬ್ಬಳು ಅಂದರೆ ಇನ್ನೊಬ್ಬಳು ಹೌದೆಂದಳು. ಜೋಗಪ್ಪ ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟ ಕಾಲನ್ನು ಮೇಲಕ್ಕೆ ತೆಗೆಯಲಿಲ್ಲ, ತಾಯಿಯ ಕಡೆಗೂ ನೋಡಲಿಲ್ಲ, ಹೆಂಡತಿಯ ಕಡೆಗೂ ನೋಡಲಿಲ್ಲ. ಮುನೆಮ್ಮ ಮಗುವನ್ನು ಎತ್ತಿಕೊಂಡು ತಾಯಿಯ ಹಿಂದೆ ಹೊರಟಳು.

ಹಿಂದೂಪುರದಲ್ಲಿ ಮಗುವಿನ ಹೊಟ್ಟೆಯೂ ತಣ್ಣಗಾಯಿತು, ಕಣ್ಣಿನ ಕೆಂಪೂ ಇಳಿಯಿತು. ಬೀರಕ್ಕ ಮಂಡಿ ಬೀದಿಯುದ್ದಕ್ಕೂ ಕಥೆ ಹೇಳಿದ್ದೇ ಹೇಳಿದ್ದು. ಹೇಳಿ ಹೇಳಿ ಚೂರು ದೊಡ್ಡದಾಯಿತು, ನಾರಮ್ಮ ರಕ್ಕಸಿಯಾದಳು. ಹುಡುಗಿ ಸೂಜಿಗೆ ದಾರ ಪೋಣಿಸಲಾರದೆ ಬಲಗಣ್ಣು ಉಜ್ಜಿಕೊಳ್ಳುತ್ತಿದ್ದದ್ದನ್ನು ಯಾರೂ ಗಮನಿಸಲಿಲ್ಲ.

ಬೇಸಿಗೆ ಕಳೆದ ಮೇಲೆ ಹೊಟ್ಟೆನೋವು ತಿರುಗಿ ಬಂತು, ರಕ್ತ ಬಂತು. ಹಿಂದೆಯೇ ಎಡಗಣ್ಣೂ ಕೆಂಡದಂತಾಯಿತು. ಮುನೆಮ್ಮ ತಾಯಿಯನ್ನು ದಿಟ್ಟಿಸಿ ನೋಡಿದಳು.

"ಇಲ್ಲಿ ಯಾರಮ್ಮ ಹಾಕಿದ್ದು ಗಾಜು?"

ಬೀರಕ್ಕ ನಾಲಿಗೆ ಆಡಿಸಲು ಬಗ್ಗಿದಳು. ಮುನೆಮ್ಮ ಮಗುವನ್ನು ಕಿತ್ತುಕೊಂಡು, ರೈಲ್ವೆ ಸ್ಟೇಷನ್ನಿನ ಹಿಂದಿದ್ದ ಧರ್ಮಾಸ್ಪತ್ರೆಗೆ ನಡೆದಳು. ಬೀರಕ್ಕ ಹಿಂದೆಯೇ ಹೋದಳು.

ಅಲ್ಲಿನ ಡಾಕ್ಟರು ಮುಂಗೋಪಿ ಮುದುಕ. ಮಗುವಿನ ಎರಡು ಕಣ್ಣಿಗೂ ದೀಪ ಬಿಟ್ಟು, ಭೂತಗನ್ನಡಿ ಹಿಡಿದು ನೋಡಿದರು. ಬಲಗಣ್ಣಿನ ಪಾಪೆ ದುಂಡಗಿರಲಿಲ್ಲ. ಹುಳ ತಿಂದ ಎಲೆಯ ಅಂಚಿನಂತಿತ್ತು. ಒಳಗೆ ಉರಿ ಎದ್ದು ಪಾಪೆಯ ಅಂಚು ಹಿಂದಕ್ಕೆ ಅಂಟಿಕೊಂಡಿದೆ ಎಂದರು. ಈ ಕಣ್ಣಿಗೆ ಮೊದಲು ಏನಾಗಿತ್ತು ಎಂದು ಕೇಳಿದಾಗ ಮುನೆಮ್ಮ ತನಗೆ ಗೊತ್ತಿದ್ದನ್ನು ಹೇಳಿದಳು: ಗಾಜಿನ ಚೂರು ಹೊಕ್ಕಿತ್ತು, ತೆಗೆದರು.

"ಎವರಮ್ಮಾ ತೀಸಿಂದಿ? ಯಾರು ತೆಗೆದದ್ದು?"

ಮುನೆಮ್ಮ ತಾಯಿಯ ಕಡೆ ಕೈ ತೋರಿದಳು. ಬೀರಕ್ಕ ಹೌದೆಂದು ತಲೆ ಆಡಿಸಿದಳು.

ಡಾಕ್ಟರ ಮುಖ ಕಪ್ಪಿಟ್ಟಿತು. ಗಾಜು ಆಳಕ್ಕೆ ಇಳಿದು ಒಂದು ಕಣ್ಣು ಕೆಟ್ಟರೆ, ಅದರ ದೆಸೆಯಿಂದ ಇನ್ನೊಂದೂ ಹೋಗುತ್ತದೆ, ಹಾಗೆ ಹೋದವರನ್ನು ತಾನು ಕಂಡಿದ್ದೇನೆ ಎಂದರು. ಎಡಗಣ್ಣು ಉಳಿಯಬೇಕಾದರೆ ಬಲಗಣ್ಣನ್ನು ಕಿತ್ತು ತೆಗೆಯಬೇಕು. ಅಪ್ಪನನ್ನು ಕರೆಸಬೇಕು, ಅವನು ಒಪ್ಪಬೇಕು, ತಡವಾಗಬಾರದು.

ಜೋಗಪ್ಪನ ಜೊತೆ ನಾರಮ್ಮನೂ ಬಂದಿಳಿದಳು. ಆಸ್ಪತ್ರೆಯ ಜಗಲಿಯಲ್ಲೇ ಸುರುವಾಯಿತು.

"ಕರ್ಕೊಂಡ್ಹೋಗಿ ಉದ್ಧಾರ ಮಾಡ್ದೆಯಲ್ಲಮ್ಮ! ನಾಳೆ ಒಕ್ಕಣ್ಣಿ ಅಂತ ಕರೀತಾರೆ ನನ್ನ ಮೊಮ್ಮಗಳ್ನ. ಯಾವನು ಮದುವೆ ಆಯ್ತಾನೆ? ನಿನ್ನ ಮಂಡಿಯಾಗಿನ ಕತ್ತೆಗಳಾ?"

ಬೀರಕ್ಕ ಬಾಗಿಲಿನಿಂದ ಇಣುಕಿದಳು. ಒಳಗೆ ನರ್ಸಮ್ಮ ಕಣ್ಣು ಕೀಳುವ ಸಾಮಾನುಗಳನ್ನು ಕುದಿಸಲು ಇಡುತ್ತಿದ್ದಳು. ಸುಮ್ಮನಿದ್ದರೆ ನಾರಮ್ಮ ಸಾಯುವವರೆಗೂ ಗಾಜು ಹಾಕಿದವಳಾಗಿಯೇ ಉಳಿಯುತ್ತಾಳೆ. ಎಲೆ ಎತ್ತಿಸಿದ ಆ ಕೈಗೆ ತಕ್ಕ ಶಾಸ್ತಿ. ಬಾಯಿ ಬಿಟ್ಟರೆ ಮಂಡಿ ಬೀದಿಯಲ್ಲಿ ಇನ್ನು ಯಾರೂ ಅವಳ ಮುಂದೆ ಕಣ್ಣು ತೆರೆಯುವುದಿಲ್ಲ. ಜೋಗಪ್ಪ ಒಪ್ಪಿಗೆ ಹೇಳಲು ಒಳಗೆ ಹೋದ. ಅವನ ಹಿಂದೆಯೇ ಬೀರಕ್ಕನೂ ನುಗ್ಗಿದಳು.

"ಗಾಜು ಇರ್ಲಿಲ್ಲ ಸ್ವಾಮಿ."

ಡಾಕ್ಟರು ತಲೆ ಎತ್ತಿದರು. "ಏನಂದೆ?"

"ಕಣ್ಣಾಗೆ ಏನೂ ಇರ್ಲಿಲ್ಲ. ಬಚ್ಚಲತಾವ ಬಿದ್ದಿತ್ತು. ನಾನೇ ಬಾಯಾಗೆ ಇಟ್ಕೊಂಡು ಬಂದು ತೋರ್ಸಿದ್ದು."

"ಕಣ್ಣು ಕೀಳ್ತಾರೆ ಅಂತ ಗೊತ್ತಾದ ಮೇಲೆ ಎಲ್ಲರೂ ಹೀಗೇ ಹೇಳೋದು," ಎಂದು ಡಾಕ್ಟರು ಗದರಿದರು. "ಮೊನ್ನೆ ತಲೆ ಆಡಿಸಿದೆ, ಇವತ್ತು ಇಲ್ಲ ಅಂತೀಯ. ನಿನ್ನ ಯಾವ ಮಾತು ನಂಬಲಿ? ಆಚೆ ನಡಿ!"

ಆಗ ಬಾಗಿಲಲ್ಲಿದ್ದ ನಾರಮ್ಮ ಮುಂದೆ ಬಂದಳು. ಅವಳ ಕಣ್ಣು ಕೆಂಡ ಕಾರುತ್ತಿತ್ತು.

"ನಂಬಿ ಸ್ವಾಮಿ. ಈ ಹಾಳು ಮುಂಡೆ ಇವತ್ತು ನಿಜ ಹೇಳ್ತಾವ್ಳೆ. ಬಚ್ಚಲುಕಲ್ಲಿಗೆ ತಗುಲಿ ನನ್ನ ಬಳೆ ಒಡೆದಿತ್ತು, ಗುಡಿಸಿರ್ಲಿಲ್ಲ. ಎರಡು ಸಲ ನೋಡಿ ಏನೂ ಸಿಗದೆ ಇವಳು ಅಲ್ಲಿಗೆ ಹೋಗಿ ಬಂದ್ಲು, ಆಮ್ಯಾಕೆ ಸಿಕ್ತು. ಅವತ್ತೇ ಬಡ್ಕೊಂಡೆ. ಯಾರು ಕೇಳಿದ್ರು? ಹೆತ್ತ ಮಗನೇ ಕೇಳ್ಲಿಲ್ಲ."

ಜೋಗಪ್ಪ ಗೋಡೆ ನೋಡಿದ. ಡಾಕ್ಟರು ಮತ್ತೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ಹುಡುಕಿದರು. ಗಾಜು ಹೊಕ್ಕ ಗಾಯದ ಕಲೆ ಎಲ್ಲೂ ಕಾಣಲಿಲ್ಲ. ಕನ್ನಡಿ ಕೆಳಗಿಟ್ಟು ಕೂತು, ಮಗುವಿನ ಕೋಲು ಕೋಲಾದ ತೋಳು ನೋಡಿ, ಹೊಟ್ಟೆಯ ಮೇಲಿನ ಬರೆ ನೋಡಿ, "ಹೊಟ್ಟೆಗೇನಾಗಿದೆ?" ಎಂದರು.

ಮುನೆಮ್ಮ ಹೇಳಿದಳು. ಮೊದಲು ಹೊಟ್ಟೆ, ಹಿಂದೆಯೇ ಕಣ್ಣು. ಕಲ್ಯಾಣದುರ್ಗದಲ್ಲೂ ಹಾಗೇ, ಇಲ್ಲೂ ಹಾಗೇ.

"ಇದನ್ನು ಮೊದಲೇ ಹೇಳಬಾರದಾಗಿತ್ತಾ?"

"ಯಾರೂ ಹೇಳಕ್ಕೆ ಬಿಡ್ಲಿಲ್ಲ ಸ್ವಾಮಿ," ಎಂದಳು ಮುನೆಮ್ಮ, ತಾಯಿಯ ಮುಖ ನೋಡದೆ.

ಕರುಳಿನಲ್ಲಿ ಹುಣ್ಣಾಗಿ ರಕ್ತ ಹೋಗುವ ಕೆಲವರಿಗೆ ಅದೇ ಉರಿ ಕಣ್ಣೊಳಗೂ ಏಳುವುದುಂಟು, ಮಕ್ಕಳಲ್ಲೂ ಕಂಡಿದೆ, ಏಕೆಂದು ಯಾರಿಗೂ ಗೊತ್ತಿಲ್ಲ ಎಂದು ಡಾಕ್ಟರು ಹೇಳಿದರು. ಹೊರಗಿನಿಂದ ಯಾರೂ ಏನೂ ಹಾಕಿದ್ದಲ್ಲ. ಕೀಳುವ ಮಾತು ಸದ್ಯಕ್ಕೆ ಬೇಡ; ಅಟ್ರೋಪಿನ್ ಹನಿ ಹಾಕಿ ಪಾಪೆಯನ್ನು ಅಗಲ ಮಾಡಿ ಇಡಬೇಕು. ಎಡಗಣ್ಣು ಉಳಿದೀತು. ಬಲಗಣ್ಣಿಗೆ ಮಂಜು ಕವಿದದ್ದು ಎಷ್ಟು ತಿಳಿಯಾಗುತ್ತದೋ ಹೇಳಲಾಗದು. ಹೊಟ್ಟೆಯನ್ನು ಮಾತ್ರ ಬಾಳಿನುದ್ದ ಕಾಯಬೇಕು, ಇನ್ನೊಂದು ಬರೆ ಬಿದ್ದರೆ ಪೊಲೀಸರನ್ನು ಕರೆಸುತ್ತೇನೆ ಎಂದು ನಾರಮ್ಮನನ್ನೂ ಬಿಡದೆ ಗದರಿದರು.

ಹನಿ ಹಾಕಲು ನರ್ಸಮ್ಮ ಬಂದರೆ ಮಗು ರೆಪ್ಪೆ ಬಿಗಿದು ಒದ್ದಾಡಿತು. ಮುನೆಮ್ಮ ಹಾಕಹೋದರೆ ಹನಿ ಕೆನ್ನೆಗೆ ಹರಿಯಿತು. ನಾರಮ್ಮನ ಒರಟು ಬೆರಳು ತಾಗಿದ್ದೇ ಮಗು ಚಿಟ್ಟನೆ ಚೀರಿತು. ಆ ಸೀಮೆಯಲ್ಲಿ ನೋವಾಗದಂತೆ ರೆಪ್ಪೆ ಎತ್ತುವ ಹೆಬ್ಬೆರಳು ಯಾರದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಅನ್ನಲು ಒಬ್ಬರಿಗೂ ಮನಸ್ಸಿರಲಿಲ್ಲ.

ಕೊನೆಗೆ ಮುನೆಮ್ಮ ಹನಿಯ ಕೊಳವೆಯನ್ನು ತಾಯಿಯ ಕಡೆ ಚಾಚಿದಳು. "ಹಾಕು. ಹಾಕ್ಬುಟ್ಟು ಎದ್ದು ಹೋಗು."

ಬೀರಕ್ಕ ಕೈ ತೊಳೆದು ಬಂದು ಹಾಕಿದಳು. ಮಗು ಅಳಲಿಲ್ಲ. ಮಗಳು ಅಂದಂತೆ ಬೀರಕ್ಕ ಎದ್ದು ಹೋಗಿ ಜಗಲಿಯ ಮೆಟ್ಟಿಲ ಮೇಲೆ, ಬಿಸಿಲಲ್ಲಿ ಕೂತಳು. ನೆರಳಿಗೆ ಬಾ ಎಂದು ಯಾರೂ ಕರೆಯಲಿಲ್ಲ. ಮುಂದಿನ ಹನಿಯ ಹೊತ್ತಾದಾಗ ಬಾಗಿಲಿನಿಂದ ತಲೆ ಹಾಕಿದವಳು ನಾರಮ್ಮ.

"ಏಳಮ್ಮ, ಹೊತ್ತಾತು. ಬಾಯಿ ಮುಚ್ಕೊಂಡು ಬಂದು ಹಾಕು."

ಬೀರಕ್ಕ ಬಾಯಿ ಮುಚ್ಚಿಕೊಂಡು ಎದ್ದಳು.