ಹೊತ್ತು ಮುಳುಗಿದ ಮೇಲಿನ ಗಂಜಿ

"ಈ ಮನೆಯಿಂದ ಹಸಿದು ಹೋದವರು ಯಾರೂ ಇಲ್ಲ." ಮೂಡುಬಿದಿರೆಯ ತ್ರಿಶಲಾ ಟೀಚರು ಎರಡು ವರ್ಷದ ಹಿಂದಿನ ತನಕ ದಿನಕ್ಕೊಮ್ಮೆಯಾದರೂ ಈ ಮಾತು ಹೇಳದೆ ಮಲಗಿದವಳಲ್ಲ. ಈಗ ಹೇಳುವುದಿಲ್ಲ. ಮದುವೆಯ ಗೋಜಿಗೆ ಹೋಗದವಳು, ನಾಲಿಗೆ ತುಸು ಖಾರ, ಕೈ ಮಾತ್ರ ಧಾರಾಳ. ಜೈನರ ಮನೆಯಾದ್ದರಿಂದ ಹೊತ್ತು ಮುಳುಗಿದರೆ ಒಲೆ ಆರಲೇಬೇಕು. ಬೆಳಗಾಗುವ ತನಕ ಬಾಯಿಗೆ ಒಂದು ಅಗುಳೂ ಹೋಗಬಾರದು. ಮೂವತ್ತು ವರ್ಷದಲ್ಲಿ ಒಂದು ದಿನವೂ ಅವಳು ಅದನ್ನು ತಪ್ಪಿಸಿರಲಿಲ್ಲ.

ಸುಡಾನಿನಿಂದ ಓದಲು ಬಂದ ಫಾಹಿಮಾಳಿಗೆ ಮಾಳಿಗೆಯ ಕೋಣೆ ಕೊಟ್ಟ ದಿನವೇ ಇಂಗ್ಲಿಷಿನಲ್ಲಿ ಪಾಠ ಮಾಡಿದಳು: ರಾತ್ರಿ ಈ ಮಾಡಿನ ಅಡಿಯಲ್ಲಿ ಊಟ ಇಲ್ಲ. ಹುಡುಗಿ ತಲೆಯಾಡಿಸಿದಳು. ನೀರುದೋಸೆಯ ತಟ್ಟೆ ಎದುರಿಗೆ ಬಂದಾಗ ಮಾತ್ರ ಸುತ್ತ ನೋಡಿದಳು.

"ನೀವು ಕೂರುವುದಿಲ್ಲವಾ ಆಂಟಿ? ನಮ್ಮಲ್ಲಿ ದೊಡ್ಡ ಹರಿವಾಣ ಒಂದೇ. ಎಲ್ಲರ ಕೈಯೂ ಅದರಲ್ಲೇ."

"ನೀನು ಅತಿಥಿ ಮಾರಾಯ್ತಿ. ನಿನ್ನದಾದ ಮೇಲೆ ನಾನು."

"ನಾನು ಒಬ್ಬಳೇ ಕೂತು ತಿನ್ನುವುದು ಇದೇ ಮೊದಲು," ಎಂದು ಹುಡುಗಿ ತಲೆ ತಗ್ಗಿಸಿ ತಿಂದಳು.

ತಿಂಗಳೊಳಗೆ ರಂಜಾನ್ ಬಂತು. ಉಪವಾಸವೆಂದರೆ ತ್ರಿಶಲಾಳಿಗೆ ಭಕ್ತಿ. "ನಮ್ಮ ಹುಡುಗಿ ಎಷ್ಟು ಗಟ್ಟಿ ನೋಡಿ" ಎಂದು ಬಸದಿಯಲ್ಲಿ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಸಂಜೆಯಾದರೆ ಫಾಹಿಮಾ ಚಪ್ಪಲಿ ಮೆಟ್ಟಿ ಹೊರಟು, ಗಂಟೆ ಕಳೆದು ಬರುತ್ತಿದ್ದಳು. ಪೇಟೆಯಲ್ಲಿ ಬ್ಯಾರಿ ಮುಸಲ್ಮಾನರ ಮನೆ ಎಷ್ಟಿಲ್ಲ, ಅಲ್ಲೆಲ್ಲೋ ಉಣ್ಣುತ್ತಾಳೆ ಎಂದು ತ್ರಿಶಲಾ ಅಂದುಕೊಂಡಳು. ಅಲ್ಲ, ಒಂದು ಮಾತು ಕೇಳಲು ಏನು ದಾಡಿ? ಕೇಳಿದರೆ ಒಲೆ ಹೊತ್ತಿಸಬೇಕಾದೀತಲ್ಲ!

ಐದನೆಯ ದಿನ ಹುಡುಗಿ ಸೇಫ್ಟಿ ಪಿನ್ ಕೇಳಿದಳು, ಸಲ್ವಾರು ಸೊಂಟದಲ್ಲಿ ನಿಲ್ಲುತ್ತಿಲ್ಲವೆಂದು. ಒಂಬತ್ತನೆಯ ದಿನ ಇನ್ನೊಂದು. ತ್ರಿಶಲಾ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದನ್ನೇ ಬಿಡಿಸಿ ಕೊಟ್ಟಳು. "ನಮ್ಮ ಊರಿನ ಸೆಕೆಗೆ ಎಲ್ಲರೂ ಇಳೀತಾರೆ," ಎಂದು ನಕ್ಕಳು.

ಹನ್ನೊಂದನೆಯ ದಿನ ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹಣ್ಣಿನಂಗಡಿಯ ಅಬೂಬಕ್ಕರ್ ಅಂಗಳಕ್ಕೆ ಓಡಿ ಬಂದ.

"ಟೀಚರೇ, ನಿಮ್ಮ ಹುಡುಗಿ ತಲೆ ತಿರುಗಿ ಬಿದ್ದಳು. ತಲೆಗೆ ಪೆಟ್ಟುಂಟು. ಆಸ್ಪತ್ರೆಗೆ ಸೇರಿಸಿ ಬಂದೆ."

"ಅಯ್ಯೋ ದೇವರೇ! ಊಟ ಮುಗಿಸಿ ಬರುವಾಗಲಾ?"

"ಯಾವ ಊಟ?" ಅವನ ದನಿ ಏರಿತು. "ದಿನಾ ನನ್ನ ಅಂಗಡಿ ಎದುರಿನ ಕಲ್ಲುಬೆಂಚಿನಲ್ಲಿ ಕೂತು ಮೂರು ಖರ್ಜೂರ, ಒಂದು ಬಾಳೆಹಣ್ಣು, ನೀರು. ಮುಗೀತು. ನನ್ನ ಹೆಂಡತಿ ಎಷ್ಟು ಸಲ ಕರೆದಳು ಗೊತ್ತುಂಟಾ? ಆದರೆ ನಿಮ್ಮ ಹುಡುಗಿ, ನಮ್ಮ ಆಂಟಿ ಮನೆಯಿಂದ ಯಾರೂ ಹಸಿದು ಹೋಗುವುದಿಲ್ಲವಂತೆ, ನಾನು ಬೇರೆಯವರಲ್ಲಿ ಉಂಡರೆ ಅವರ ಮರ್ಯಾದೆ ಹೋಗ್ತದೆ ಅಂತ ಹೇಳ್ತಾಳೆ."

 ತ್ರಿಶಲಾ ನಾಚಿಕೆಯಿಂದ ಕಿವಿಯ ತುದಿಯವರೆಗೆ ಸುಟ್ಟುಹೋದಳು. ಹೊರಗೆ ಕತ್ತಲಾಗಿತ್ತು. ಅವಳು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಗಂಜಿ ಬೇಯಿಸಿ, ಬುತ್ತಿಪಾತ್ರೆಗೆ ಸುರಿದು, ಅಬೂಬಕ್ಕರನ ಸ್ಕೂಟರಿನ ಹಿಂದೆ ಕೂತು ಹೋದಳು.

ಫಾಹಿಮಾಳ ತಲೆಗೆ ಬ್ಯಾಂಡೇಜು, ಕೈಗೆ ಡ್ರಿಪ್ಪು. ಸೊಂಟದಲ್ಲಿ ಎರಡೂ ಪಿನ್ನುಗಳಿದ್ದವು. ಕಣ್ಣು ತೆರೆದವಳು ಬುತ್ತಿಯನ್ನು ನೋಡಿದಳು, ಕಿಟಕಿಯ ಕತ್ತಲನ್ನು ನೋಡಿದಳು.

"ಆಂಟಿ, ರಾತ್ರಿಯಾಯಿತಲ್ಲ. ನನ್ನಿಂದ ನಿಮ್ಮ ನಿಯಮ ತಪ್ಪಿತಾ?"

ತ್ರಿಶಲಾ ಬುತ್ತಿಯನ್ನು ಸೆರಗಿನ ಮರೆಗೆ ಸರಿಸಿದಳು. ಹುಡುಗಿ ಬದುಕಿ ಉಳಿದಳು, ಗಾಯ ಮಾಗಿದ ಮೇಲೆ ಹಾಸ್ಟೆಲು ಸೇರಿದಳು. ಅದೆಲ್ಲ ಆಮೇಲಿನ ಮಾತು. ಆ ಹೊತ್ತು ಡಾಕ್ಟರು ಮಂಗಳೂರಿಗೆ ಕಳಿಸುವ ಕಾಗದ ಬರೆಯುತ್ತಿದ್ದರು. ಬಾಯಿಗೆ ಏನೂ ಕೊಡಬಾರದು, ಆಪರೇಷನ್ ಬೇಕಾದರೂ ಬೇಕಾದೀತು ಎಂದರು.

"ಜೊತೆಗಿರುವವರು ನೀವಲ್ಲವಾ? ಇವಳ ಕೊನೆಯ ಊಟ ಆದದ್ದು ಯಾವಾಗ?"

ಬಿಸಿ ಬುತ್ತಿ ಅವಳ ಅಂಗೈ ಸುಡುತ್ತಿತ್ತು.

"ನಮ್ಮ ಮನೆಯಲ್ಲೇ," ಎಂದಳು ತ್ರಿಶಲಾ. "ಹನ್ನೊಂದು ದಿನದ ಹಿಂದೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು.