ಅಮೀನುದ್ದೀನ ಸಾಹೇಬರು ಓದಿ ಹೇಳಿದ ಜಾಹೀರಾತುಗಳು

ನಮ್ಮ ಭಾಗದ ಪತ್ರಿಕಾ ಜಾಹೀರಾತು ವಿನ್ಯಾಸದಲ್ಲಿ ಮೂವತ್ತಾರು ವರ್ಷ ದುಡಿದು, 2025ರ ಮೇ ತಿಂಗಳ ಕೊನೆಗೆ ನಿವೃತ್ತರಾದ ಅಮೀನುದ್ದೀನ ಸಾಹೇಬರು ಪ್ರಶಸ್ತಿಗಳಿಂದ ಗುರುತಾದವರಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಅಂಗಡಿಕಾರರು ತಮ್ಮ ಸರಕಿನ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ಅವರನ್ನು ಕೇಳಿ ತಿಳಿಯುತ್ತಿದ್ದರು. ಅದೇ ಅವರ ಗುರುತು.

ಸಾಲೋಟಗಿಯ ಗೋಡೆಗಳ ಮೇಲೆ ಸಿಮೆಂಟು, ಬೀಜಗಳ ಜಾಹೀರಾತು ಬರೆಯುತ್ತಿದ್ದ ಅವರು 1989ರಲ್ಲಿ ನಮ್ಮ ಪತ್ರಿಕೆಯ ಇಂಡಿ ಕಚೇರಿ ಸೇರಿದರು. ಅವರದೊಂದು ಪದ್ಧತಿಯಿತ್ತು. ಯಾವ ಜಾಹೀರಾತನ್ನೂ, ಆ ಸರಕು ಕೊಳ್ಳುವಂಥವರೊಬ್ಬರಿಗೆ ಓದಿ ಹೇಳದೆ ಅಚ್ಚಿಗೆ ಬಿಡುತ್ತಿರಲಿಲ್ಲ. ಓದಿದ ಮೇಲೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಇದನ್ನ ಕೇಳಿ ನಾಳಿ ಏನ್ ಮಾಡ್ತೀರಿ?” ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಮತ್ತೆ ಬರೆಯುತ್ತಿದ್ದರು, ಪುಟ ತಡವಾಗುತ್ತಿತ್ತು. “ಸಾಹೇಬ್ರ, ಜಾಹೀರಾತು ಮಾಡಾಕತ್ತೀರೋ, ಹೆಣ್ಣು ನೋಡಾಕತ್ತೀರೋ?” ಎಂದು ವ್ಯವಸ್ಥಾಪಕ ಧರ್ಮರಾಜ ಅವರು ಕೆಣಕುತ್ತಿದ್ದರು.

ನಾನು ಹೂವಿನ ಹಿಪ್ಪರಗಿಯಿಂದ ಬಂದು 2010ರಲ್ಲಿ ಅವರ ಕೈಕೆಳಗೆ ಸೇರಿದೆ. ಜನರು ಗಳಿಸುವ ಆಸೆಗಿಂತ ಕಳೆದುಕೊಳ್ಳುವ ಭಯಕ್ಕೆ ಬೇಗ ಮಣಿಯುತ್ತಾರೆ, ತಮ್ಮವರಂತೆ ಕಾಣುವ ಮುಖವನ್ನು ಬೇಗ ನಂಬುತ್ತಾರೆ ಎಂದು ಕಲಿಸಿದವರು ಅವರೇ. ಮರುವರ್ಷ ಅವರು ಮಗಳ ಮದುವೆಗೆ ರಜೆ ಹಾಕಿದ್ದಾಗ, ಸಕ್ಕರೆ ಕಾಯಿಲೆಯ ಪುಡಿಯೊಂದರ ಜಾಹೀರಾತು ನನ್ನ ಮೇಜಿಗೆ ಬಂತು. ಅಜ್ಜಿಯೊಬ್ಬಳ ನಗುಮುಖ ಇಟ್ಟೆ. “ಗುಳಿಗೆಗೆ ವಿದಾಯ” ಎಂದು ಬರೆದೆ. ಮಾರುವವರು ಹೇಳದಿದ್ದರೂ “ಇನ್ನು ಮೂರೇ ದಿನ” ಎಂದು ಸೇರಿಸಿದೆ. ಯಾರಿಗೂ ಓದಿ ಹೇಳಲಿಲ್ಲ.

ಅದು ಪ್ರಕಟವಾದ ಎಂಟನೆಯ ದಿನ, ಕಚೇರಿಯಲ್ಲಿ ಚಹಾ ಕಾಸುತ್ತಿದ್ದ ಶೆಟ್ಟೆವ್ವ ಕುಸಿದು ಕುಳಿತರು. ಅಂದೇ ಕೆಲಸಕ್ಕೆ ಮರಳಿದ್ದ ಸಾಹೇಬರು, ಗುಳಿಗೆ ತಗೊಂಡಿರೇನು ಎಂದು ವಿಚಾರಿಸಿದರು.

“ಬಿಟ್ಟೇನ್ರಿ. ನಮ್ಮ ಪೇಪರಿನ್ಯಾಗ ಬಂದಿತ್ತಲ್ರಿ, ನೀವ ಮಾಡಿದ್ದು ಅಂತ ತಿಳದಿದ್ದೆ.”

ಅವರ ಕಾಲಿನ ಹಳೆಯ ಗಾಯ ಕಪ್ಪಾಗಿತ್ತು. ಆಸ್ಪತ್ರೆಗೆ ಸೇರಿಸಿದೆವು. ಕಾಲು ಉಳಿಯುವುದೋ ಇಲ್ಲವೋ ಎಂಬುದನ್ನು ವೈದ್ಯರು ಆರು ದಿನ ಹೇಳಲಿಲ್ಲ. ಆ ಆರು ದಿನವೂ ಸಾಹೇಬರು ಕೆಲಸ ಮುಗಿಸಿ ಆಸ್ಪತ್ರೆಗೆ ಬಂದರು.

“ಮೂರ ದಿನ ಅಂತ ಯಾರು ಹಾಕಿದ್ದು?” ಎಂದು ಅಲ್ಲಿಯೇ ಕೇಳಿದರು.

“ನಾನ ಹಾಕಿದ್ನಿರಿ.”

“ವಿದ್ಯಾ ಛಲೋ ಕಲ್ತಿ, ಸುಮಂಗಲಾ. ಯಾರ ಮ್ಯಾಲ ನಡಸಾಕತ್ತೇನಿ ಅನ್ನೂದು ನೋಡಲಿಲ್ಲ.” ಅದಕ್ಕಿಂತ ಹೆಚ್ಚು ಬೈಯಲಿಲ್ಲ. ತಾವು ಕುಳಿತಿದ್ದ ಸ್ಟೂಲು ಬಿಟ್ಟುಕೊಟ್ಟು, “ಆಕಿ ಕೂಡ ಮಾತಾಡ್ಕೋತ ಕುಂಡ್ರು, ಅಂಜ್ಯಾಳ” ಎಂದರು.

ಕಾಲು ಉಳಿಯಿತು.

ಅಷ್ಟರಲ್ಲಾಗಲೇ ಪತ್ರಿಕೆಯ ಮೊದಲ ಪುಟದಲ್ಲಿ ಸೂಚನೆಯೊಂದು ಬಂದಿತ್ತು: ಆ ಜಾಹೀರಾತನ್ನು ನಂಬಿ ಗುಳಿಗೆ ಬಿಡಬೇಡಿ, ಅದನ್ನು ರೂಪಿಸಿದವನು ನಾನು, ತಪ್ಪು ನನ್ನದು. ಕೆಳಗೆ ಸಾಹೇಬರ ಹೆಸರು. ಮರುವರ್ಷ ಮುಖ್ಯ ಕಚೇರಿಗೆ ಆಗಬೇಕಿದ್ದ ಅವರ ಬಡ್ತಿ ತಪ್ಪಿತು. ಕಾರಣ ಯಾವ ದಾಖಲೆಯಲ್ಲಿಯೂ ಇಲ್ಲವಾದ್ದರಿಂದ ಊಹಿಸಿ ಬರೆಯಲಾರೆ.

ಈಗ ಅವರು ಬಸವನ ಬಾಗೇವಾಡಿಯಲ್ಲಿ, ಮೊಬೈಲ್ ಜಾಹೀರಾತು ಮಾಡುವ ಹುಡುಗ ಹುಡುಗಿಯರಿಗೆ ವಾರಕ್ಕೆರಡು ದಿನ ಪಾಠ ಹೇಳುತ್ತಿದ್ದಾರೆ. ಅವರಿಗೆ ದೀರ್ಘಾಯುಷ್ಯ ದೊರೆಯಲಿ, ಆ ಪಾಠ ಬಹುಕಾಲ ನಡೆಯಲಿ. ಈ ಲೇಖನವನ್ನು ಅವರಿಗೆ ಮೊದಲು ತೋರಿಸಿಲ್ಲ. ತೋರಿಸಿದ್ದರೆ ಮುಂದಿನ ಸಾಲನ್ನು ಹೊಡೆದು ಹಾಕುತ್ತಿದ್ದರು. 2011ರ ಆ ಸೂಚನೆಯಲ್ಲಿ ಒಂದು ತಪ್ಪು ಉಳಿದಿದೆ: ಆ ಜಾಹೀರಾತನ್ನು ರೂಪಿಸಿದವಳು ನಾನು.